ಹಳೆ ಲೇಥ್‌ಗೆ ಬಣ್ಣ ಹಚ್ಚುವ ಮುಂಚೆ

ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುತ್ತಿದ್ದ ಹಿರಿಯರೊಬ್ಬರಿಂದ 9,000 ರೂಪಾಯಿಗೆ ಮರ ತಿರುಗಿಸಿ ಕಡೆಯುವ ಈ ಲೇಥ್ ಯಂತ್ರ ಕೊಂಡೆ. ಮೂರಡಿ ಉದ್ದದ ಬೀಡು ಕಬ್ಬಿಣದ ಬೆಡ್ (ಉಳಿದ ಭಾಗಗಳು ಕೂರುವ ತಳ), ಅರ್ಧ ಎಚ್‌ಪಿ ಮೋಟಾರ್. ಕೈ ನಡುಗುತ್ತೆ ಅಂತ ಅವರು ಕೆಲಸ ಬಿಟ್ಟಿದ್ದರು. "ಬಣ್ಣ ಆಮೇಲೆ ಬಳಿಯಪ್ಪ, ಮೊದಲು ಅದರ ಸದ್ದು ಕೇಳು" ಅಂದರು. ಆ ಮಾತು ನೂರಕ್ಕೆ ನೂರು ಸರಿ.

ಕೊಳ್ಳುವಾಗ ತುಕ್ಕಿಗೆ ಹೆದರಬೇಡಿ. ಮೇಲಿನ ತುಕ್ಕು ಉಜ್ಜಿದರೆ ಹೋಗುತ್ತದೆ, ಬೀಡು ಸೀಳಿದ್ದರೆ ಅದಕ್ಕೆ ಸುಲಭದ ರಿಪೇರಿ ಇಲ್ಲ. ಬೆಡ್ಡಿಗೆ ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ. ಗಟ್ಟಿ ಇದ್ದರೆ ಗಂಟೆಯ ಹಾಗೆ ಅನುರಣಿಸುತ್ತದೆ, ಬಿರುಕಿದ್ದರೆ ಒಡೆದ ಮಡಕೆಯ ಸದ್ದು. ಆಮೇಲೆ ಎರಡೂ ಕಡೆ ಸೆಂಟರ್ (ಮರ ಹಿಡಿಯುವ ಮೊನೆ) ಹಾಕಿ, ಟೇಲ್‌ಸ್ಟಾಕ್ (ಬೆಡ್ಡಿನ ಮೇಲೆ ಜಾರುವ ತುದಿಯ ಭಾಗ) ಮುಂದಕ್ಕೆ ತಳ್ಳಿ, ಮೊನೆಗೆ ಮೊನೆ ಕೂಡುತ್ತಾ ನೋಡಿ. ಬೆಲ್ಟ್ ತೆಗೆದು ಸ್ಪಿಂಡಲ್ (ಮರವನ್ನು ತಿರುಗಿಸುವ ಶಾಫ್ಟ್) ಕೈಯಲ್ಲಿ ತಿರುಗಿಸಿ. ಗರಗರ ಅಂದರೆ ಬೇರಿಂಗ್ ಹೋಗಿದೆ ಅಂತ ಲೆಕ್ಕ.

ನನ್ನದು ಗರಗರ ಅಂತಿತ್ತು. ಒಳಗಿದ್ದದ್ದು 6205 ನಂಬರಿನ ಬೇರಿಂಗ್, ಅಂದರೆ ಒಳ ಅಳತೆ 25 ಮಿ.ಮೀ., ಹೊರಗೆ 52. ನಂಬರ್ ಬೇರಿಂಗ್ ಮೇಲೇ ಇರುತ್ತದೆ, ಬರೆದುಕೊಂಡು ಹೋದರೆ ಅಂಗಡಿಯಲ್ಲಿ ತಕ್ಷಣ ಕೊಡುತ್ತಾರೆ. ಹಳೆಯದನ್ನು ಪುಲ್ಲರ್ (ಬೇರಿಂಗ್ ಎಳೆದು ತೆಗೆಯುವ ಸಾಧನ) ಹಾಕಿ ತೆಗೆಯಿರಿ. ಹೊಸದನ್ನು ಶಾಫ್ಟಿಗೆ ಕೂರಿಸುವಾಗ ಹೊರಗಿನ ಬಳೆಗೆ ಹೊಡೆಯಲೇಬೇಡಿ. ಪೆಟ್ಟು ಒಳಗಿನ ಗುಂಡುಗಳಿಗೆ ಬಿದ್ದು ಹೊಸ ಬೇರಿಂಗೂ ಹಾಳಾಗುತ್ತದೆ. ಒಳಗಿನ ಬಳೆಯ ಮೇಲೆ ಮಾತ್ರ ಕೂರುವಂಥ ಪೈಪ್ ತುಂಡು ಇಟ್ಟು ತಟ್ಟಿ.

ಇನ್ನು ಸ್ವಚ್ಛ ಮಾಡುವುದು. ಮೆಷಿನ್ ಮೇಲೆಲ್ಲ ಕೆಂಪು, ಹಳದಿ, ಹಸಿರು ಚಿಪ್ಪು ಕಟ್ಟಿತ್ತು. ಹಳೆ ಪೇಂಟ್ ಅಂದುಕೊಂಡು ಒಂದು ಮಧ್ಯಾಹ್ನ ಪೂರ್ತಿ ಸೀಮೆಎಣ್ಣೆ ಹಾಕಿ ತಿಕ್ಕಿದೆ, ಅಲುಗಲಿಲ್ಲ. ಅದು ಅರಗು. ತಿರುಗುವ ಗೊಂಬೆಗೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜುವ ಬಿಸಿಗೇ ಅದು ಕರಗಿ ಹತ್ತುತ್ತದೆ, ಸುತ್ತಲೂ ಸಿಡಿಯುತ್ತದೆ. ಅರಗು ಕರಗುವುದು ಸ್ಪಿರಿಟ್‌ನಲ್ಲಿ, ಮರಕ್ಕೆ ಪಾಲಿಶ್ ಹೊಡೆಯುವವರು ಬಳಸುವ ಅದೇ ಸ್ಪಿರಿಟ್. ಬಟ್ಟೆ ನೆನೆಸಿ ಹೊದಿಸಿ, ಮೇಲೆ ಪ್ಲಾಸ್ಟಿಕ್ ಮುಚ್ಚಿ, ಅರ್ಧ ಗಂಟೆ ಬಿಟ್ಟು ಕೆರೆಯಿರಿ. ಹಳೆ ಅರಗಾದರೆ ಎರಡು ಮೂರು ಸಲ ಬೇಕು. ಸ್ಪಿರಿಟ್ ಬೇಗ ಬೆಂಕಿ ಹಿಡಿಯುತ್ತದೆ. ಬಯಲಲ್ಲಿ ಮಾಡಿ, ಮೋಟಾರ್ ವೈರ್ ಕಿತ್ತಿಟ್ಟಿರಿ. ಹೆಡ್‌ಸ್ಟಾಕ್ (ಸ್ಪಿಂಡಲ್ ಕೂರುವ ಭಾಗ) ಹಿಂಬದಿಯಲ್ಲಿ ಬೆರಳಗಲ ಅರಗನ್ನು ನಾನು ಹಾಗೇ ಉಳಿಸಿದ್ದೇನೆ. ಅದು ಆ ಹಿರಿಯರ ಗುರುತು.

ಅರಗಿನ ಕೆಳಗೆ ಹಳೆಯ ಪೇಂಟ್ ಸಿಕ್ಕಿತು. ಹಳೆ ಪೇಂಟಿನಲ್ಲಿ ಸೀಸ ಇರಬಹುದು. ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಯಾದದ್ದೇ 2017ರ ನವೆಂಬರ್‌ನಲ್ಲಿ. ಹಾಗಾಗಿ ನೀರಿಲ್ಲದೆ ಉಜ್ಜಿ ಧೂಳು ಎಬ್ಬಿಸಬೇಡಿ. ವಾಟರ್ ಪೇಪರ್‌ನಲ್ಲಿ ನೀರು ಹಾಕಿ ಉಜ್ಜಿ, ಮಾಸ್ಕ್ ಹಾಕಿ, ಮಕ್ಕಳನ್ನು ದೂರ ಇಡಿ. ಮುಗಿದ ತಕ್ಷಣ ಪೂರ್ತಿ ಒರೆಸಿ ಒಣಗಿಸಿ. ಬೀಡಿಗೆ ರಾತ್ರಿ ಕಳೆಯುವುದರೊಳಗೆ ತುಕ್ಕು ಬರುತ್ತದೆ.

ಬಣ್ಣ ಎಲ್ಲಿ ಬಳಿಯಬಾರದು ಅನ್ನುವುದೇ ಮುಖ್ಯ. ಬೆಡ್ಡಿನ ಮೇಲ್ಮೈ, ಟೇಲ್‌ಸ್ಟಾಕಿನ ತಳ, ಟೂಲ್ ರೆಸ್ಟ್ (ಉಳಿಗೆ ಆಸರೆ ಕೊಡುವ ಭಾಗ) ಜಾರುವ ಜಾಗ, ಸ್ಪಿಂಡಲ್ಲಿನ ತಿರುಪು, ಅದರ ಒಳಗಿನ ಟೇಪರ್ (ಕಿರಿದಾಗುತ್ತಾ ಹೋಗುವ ತೂತು), ಎಣ್ಣೆ ಬಿಡುವ ತೂತು. ಇಲ್ಲೆಲ್ಲ ಟೇಪ್ ಅಂಟಿಸಿ. ಟೇಲ್‌ಸ್ಟಾಕಿನ ತಳದಲ್ಲಿ ಒಂದು ಪದರ ಪೇಂಟ್ ಕೂತರೂ ಸೆಂಟರ್ ಅಷ್ಟು ಮೇಲೇಳುತ್ತದೆ. ಉಳಿದ ಕಡೆ ಥಿನ್ನರ್‌ನಲ್ಲಿ ಜಿಡ್ಡು ಒರೆಸಿ, ಒಂದು ಕೋಟ್ ರೆಡ್ ಆಕ್ಸೈಡ್ ಪ್ರೈಮರ್, ಮೇಲೆ ತೆಳುವಾಗಿ ಎರಡು ಕೋಟ್ ಎನಾಮೆಲ್. ಜುಲೈ ಮಳೆಯಲ್ಲಿ ಸಂಜೆ ಬಳಿದ ಕೋಟ್ ಬೆಳಿಗ್ಗೆ ಮಂಕಾಗಿತ್ತು. ಉಜ್ಜಿ, ಬಿಸಿಲು ಬಂದ ದಿನ ಮತ್ತೆ ಬಳಿಯಬೇಕಾಯಿತು.

ಬೆಡ್ಡಿಗೆ ಮೆಷಿನ್ ಎಣ್ಣೆ ಸವರಿ. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಗಟ್ಟಿಯಾಗುತ್ತದೆ. ಮೋಟಾರಿಗೆ ಮೂರು ಎಳೆಯ ವೈರ್ ಹಾಕಿಸಿ, ಅರ್ಥಿಂಗ್ ಇಲ್ಲದೆ ಓಡಿಸಲೇಬೇಡಿ. ನಿಮಿಷಕ್ಕೆ 1,440 ಸುತ್ತಿನ ಮೋಟಾರಿಗೆ 3 ಇಂಚಿನ ಪುಲ್ಲಿ, ಸ್ಪಿಂಡಲ್ಲಿಗೆ 6 ಇಂಚಿನದು ಹಾಕಿದರೆ ವೇಗ 720ಕ್ಕೆ ಇಳಿಯುತ್ತದೆ. ಕಲಿಯುವವರಿಗೆ ಅಷ್ಟು ಸಾಕು. ಮೊದಲ ಸಲ ಮರ ಕಟ್ಟದೆ ಕಾಲು ಗಂಟೆ ಸುಮ್ನೆ ಓಡಿಸಿ. ಆಫ್ ಮಾಡಿ, ನಿಂತ ಮೇಲೆ ಬೇರಿಂಗ್ ಜಾಗ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಬೆಲ್ಟ್ ಜಾಸ್ತಿ ಬಿಗಿಯಾಗಿರಬಹುದು, ಸ್ವಲ್ಪ ಸಡಿಲಿಸಿ ಮತ್ತೆ ಓಡಿಸಿ.