ಚಾರ್ಟ್‌ಪ್ಲಾಟರ್‌ನಲ್ಲಿ ನಾನು ರೂಟ್ ಹಾಕುವ ಬಗೆ

ಪರದೆಯ ಮೇಲೆ ಎರಡು ಕಡೆ ಬೆರಳಿಟ್ಟರೆ ಸಾಕು, ಚಾರ್ಟ್‌ಪ್ಲಾಟರ್ (ದೋಣಿಯ ಜಾಗವನ್ನು ಸಮುದ್ರದ ನಕ್ಷೆಯ ಮೇಲೆ ತೋರಿಸುವ ಯಂತ್ರ) ಒಂದು ಗೆರೆ ಎಳೆದುಕೊಡುತ್ತದೆ. ಆ ಗೆರೆಯ ಮೇಲೆ ನನ್ನ ದೋಣಿ ಹೋಗಬಹುದೇ ಎಂಬುದು ಬೇರೆಯೇ ಪ್ರಶ್ನೆ. ನನ್ನ ದೋಣಿಯ ನಿಜವಾದ ಅಳತೆ ಕೊಡುವವರೆಗೆ ಯಂತ್ರಕ್ಕೆ ಅದರ ಉತ್ತರ ತಿಳಿಯುವುದಿಲ್ಲ. ಕೊಟ್ಟ ಮೇಲೂ ಗೆರೆಯ ಇಕ್ಕೆಲಗಳನ್ನು ಕಣ್ಣಾರೆ ನೋಡುವ ಕೆಲಸ ನನ್ನದೇ. ಹಾಯಿದೋಣಿಯಲ್ಲಿ ಕರಾವಳಿಗುಂಟ ಓಡಾಡುವ ನಾನು ಇದನ್ನು ಹೇಗೆ ಮಾಡಿಕೊಂಡು ಬಂದಿದ್ದೇನೆ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಕ್ಕೂ ಮೊದಲು ಡ್ರಾಫ್ಟ್, ಅಂದರೆ ನೀರಿನ ಮಟ್ಟದಿಂದ ಕೀಲ್‌ನ (ದೋಣಿಯ ಅಡಿಯಲ್ಲಿ ಚಾಚಿರುವ ಭಾರದ ರೆಕ್ಕೆಯ) ತಳದವರೆಗಿನ ಅಳತೆ. ಕೈಪಿಡಿಯಲ್ಲಿ ಇರುವುದು ಸಾಮಾನ್ಯವಾಗಿ ಹಗುರ ದೋಣಿಯ ಲೆಕ್ಕ. ನೀರು, ಡೀಸೆಲ್, ಲಂಗರಿನ ಸರಪಳಿ, ದಿನಸಿ ಎಲ್ಲ ತುಂಬಿದ ಮೇಲೆ ದೋಣಿ ಇನ್ನಷ್ಟು ಕುಸಿದು ಕೂರುತ್ತದೆ. ತಳಕ್ಕೆ ಬಣ್ಣ ಬಳಿಯಲು ದೋಣಿಯನ್ನು ಮೇಲೆತ್ತಿದ್ದಾಗ ಪಾಚಿಯ ಗೆರೆ ಎಲ್ಲಿಯವರೆಗೆ ಏರಿದೆ ಎಂದು ನೋಡಿ, ಅಲ್ಲಿಂದ ಕೀಲ್‌ನ ತಳಕ್ಕೆ ಟೇಪ್ ಹಿಡಿದೆ. ಕೈಪಿಡಿಯಲ್ಲಿ 1.65 ಮೀಟರ್ ಇತ್ತು, ಟೇಪಿನಲ್ಲಿ 1.8 ಬಂತು. ಪ್ಲಾಟರ್‌ಗೆ ಕೊಟ್ಟದ್ದು 1.8.

ಶಬ್ದ ಕಳಿಸಿ ಅದರ ಮಾರ್ದನಿಯಿಂದ ಆಳ ಅಳೆಯುವ ಎಕೋ ಸೌಂಡರ್‌ನ ಲೆಕ್ಕವನ್ನೂ ಹೀಗೆಯೇ ಸರಿಮಾಡಿಕೊಂಡೆ. ಏನೂ ಹೊಂದಿಸದಿದ್ದರೆ ಅದು ತೋರಿಸುವುದು ಸೆನ್ಸರ್‌ನ ಕೆಳಗಿನ ಆಳ. ಸೆನ್ಸರ್ ನೀರಿನ ಮಟ್ಟಕ್ಕಿಂತ ಕೆಳಗೆ, ಕೀಲ್‌ನ ತಳಕ್ಕಿಂತ ಮೇಲೆ ಇರುತ್ತದೆ. ಗಾಳಿಯಿಲ್ಲದ ಬೆಳಿಗ್ಗೆ, ಗಟ್ಟಿ ತಳವಿರುವ ಕಡೆ, ಹಗ್ಗಕ್ಕೆ ತೂಕ ಕಟ್ಟಿ ಬಿಟ್ಟು ಒದ್ದೆಯಾದಷ್ಟು ಉದ್ದವನ್ನು ಅಳೆದೆ. ಸೌಂಡರ್‌ನ ಅಂಕಿಗೂ ಹಗ್ಗದ ಅಂಕಿಗೂ ಇದ್ದ ವ್ಯತ್ಯಾಸವನ್ನೇ ಆಫ್‌ಸೆಟ್ ಆಗಿ ಹಾಕಿದೆ. ಕೆಲವರು ಕೀಲ್‌ನ ಕೆಳಗಿನ ಆಳ ತೋರುವಂತೆ ಇಟ್ಟುಕೊಳ್ಳುತ್ತಾರೆ. ನನಗೆ ನೀರಿನ ಮಟ್ಟದಿಂದ ತೋರುವುದೇ ಇಷ್ಟ, ಏಕೆಂದರೆ ನಕ್ಷೆಯ ಆಳಕ್ಕೆ ಆ ಹೊತ್ತಿನ ಉಬ್ಬರವನ್ನು ಕೂಡಿಸಿದರೆ ಸೌಂಡರ್‌ನ ಅಂಕಿಯ ಜೊತೆ ನೇರವಾಗಿ ತಾಳೆ ನೋಡಬಹುದು.

ಇನ್ನು ಸುರಕ್ಷಿತ ಆಳ. ಡ್ರಾಫ್ಟ್ ಅಷ್ಟನ್ನೇ ಕೊಟ್ಟರೆ ಸಾಲದು. ಅಲೆಯ ತಗ್ಗಿನಲ್ಲಿ ದೋಣಿ ಕೆಳಗಿಳಿಯುತ್ತದೆ. ನಕ್ಷೆಯ ಆಳದಲ್ಲೂ ಹೆಚ್ಚುಕಡಿಮೆ ಇರುತ್ತದೆ. ಅಧಿಕೃತ ಎಲೆಕ್ಟ್ರಾನಿಕ್ ನಕ್ಷೆಗಳಲ್ಲಿ ಪ್ರತಿ ಪ್ರದೇಶದ ಸರ್ವೆ ಎಷ್ಟು ನಂಬಿಕಸ್ತ ಎಂದು ಹೇಳುವ ಒಂದು ವರ್ಗೀಕರಣವಿದೆ, ಅದಕ್ಕೆ ಕ್ಯಾಟ್‌ಝಾಕ್ ಎನ್ನುತ್ತಾರೆ. ಬಿ ವರ್ಗದಲ್ಲಿ ಆಳದ ತಪ್ಪು 1 ಮೀಟರ್ ಮತ್ತು ಆಳದ ಶೇ. 2ರವರೆಗೆ ಇರಬಹುದು, ಜಾಗದ ತಪ್ಪು 50 ಮೀಟರ್. ಹಾಗಾಗಿ 5 ಮೀಟರ್ ಆಳದಲ್ಲಿ ನನ್ನ ಲೆಕ್ಕ ಹೀಗೆ: ಡ್ರಾಫ್ಟ್ 1.8, ಸರ್ವೆಯ ತಪ್ಪಿಗೆ 1.1, ಅಲೆಗೆ 0.6, ಕೈಯಲ್ಲಿ ಇರಲಿ ಎಂದು 0.5. ಒಟ್ಟು 4 ಮೀಟರ್. ನಾನು ಸುರಕ್ಷತಾ ಗೆರೆಯನ್ನು, ಅಂದರೆ ದಾಟಬಾರದ ಆಳದ ಗೆರೆಯನ್ನು, 5 ಮೀಟರಿಗೇ ಇಡುತ್ತೇನೆ, ಏಕೆಂದರೆ ನಕ್ಷೆಗಳಲ್ಲಿ ನಿಜವಾಗಿ ಇರುವ ಆಳದ ಗೆರೆಗಳು ಹೆಚ್ಚಾಗಿ 2, 5, 10 ಮೀಟರಿನವು. ನೀಲಿ ಬಣ್ಣ ಗಾಢವಾದ ಕಡೆಗೆ ಹೋಗುವುದಿಲ್ಲ ಎಂದು ಒಮ್ಮೆ ನಿಶ್ಚಯಿಸಿಕೊಂಡರೆ ಕಣ್ಣಿಗೆ ತುಂಬಾ ಆರಾಮ.

ಜಾಗದ ತಪ್ಪಿನ ಬಗ್ಗೆ ಸ್ವಲ್ಪ ನಿಂತು ಹೇಳಲೇಬೇಕು, ಬಹಳ ಜನ ಗಮನಿಸದ ಸಂಗತಿ ಇದು. ಎರಡು ದ್ವೀಪಗಳ ನಡುವೆ ನಾನು ಒಂದು ರೂಟ್ ಎಳೆದಿದ್ದೆ. ಹತ್ತಿರದ ಮುಳುಗುಬಂಡೆಗೂ ಗೆರೆಗೂ ಸುಮಾರು 300 ಮೀಟರ್ ಅಂತರ, ನೋಡಲು ಧಾರಾಳ. ಆ ಪ್ರದೇಶದ ಮಾಹಿತಿ ತೆರೆದರೆ ವರ್ಗ ಸಿ. ಅಂದರೆ ಜಾಗದಲ್ಲಿ 500 ಮೀಟರ್‌ವರೆಗೆ ತಪ್ಪಿರಬಹುದು, ಆಳದಲ್ಲಿ 2 ಮೀಟರ್ ಮತ್ತು ಶೇ. 5. ಆ ಬಂಡೆ ನನ್ನ ಗೆರೆಯ ಮೇಲೆಯೇ ಇದ್ದರೂ ನಕ್ಷೆ ಮಾಡಿದವರ ಮಾತು ಸುಳ್ಳಾಗುವುದಿಲ್ಲ! ಜಿಪಿಎಸ್ ನನ್ನ ದೋಣಿಯ ಜಾಗವನ್ನು ಕೆಲವೇ ಮೀಟರುಗಳೊಳಗೆ ಹೇಳುತ್ತದೆ, ಆದರೆ ಬಂಡೆಯನ್ನು ಗುರುತಿಸಿದವರ ಬಳಿ ಜಿಪಿಎಸ್ ಇರಲಿಲ್ಲ ಎಂಬುದು ಪರದೆ ನೋಡುವಾಗ ಮರೆತುಹೋಗುತ್ತದೆ. ಆ ರೂಟನ್ನು ಅಳಿಸಿ ದೊಡ್ಡ ದ್ವೀಪದ ಹೊರಗಿನಿಂದ ಸುತ್ತಿಬರುವಂತೆ ಹಾಕಿದೆ. ದೂರ ಹೆಚ್ಚಾಯಿತು, ಅದಕ್ಕೆ ನನ್ನ ತಕರಾರಿಲ್ಲ.

ಇವತ್ತಿನ ಪ್ಲಾಟರ್‌ಗಳಲ್ಲಿ ತಾನಾಗಿಯೇ ರೂಟ್ ಹಾಕುವ ಸೌಲಭ್ಯ ಸಾಮಾನ್ಯ. ನಾನೂ ಬಳಸುತ್ತೇನೆ, ಕರಡು ಎಂದುಕೊಂಡು. ನಾವು ಕೊಟ್ಟ ಆಳಕ್ಕೂ ಹಾಯಿಕಂಬದ ಎತ್ತರಕ್ಕೂ ಹೊಂದುವ ಹಾದಿಯನ್ನು ಅದು ಹುಡುಕುತ್ತದೆ. ಗಾಳಿ ಯಾವ ಕಡೆಯಿಂದ ದಂಡೆಗೆ ನೂಕುತ್ತಿದೆ, ಭೂಶಿರದ ಮುಂದೆ ಸೆಳೆತ ಎಷ್ಟಿದೆ, ಅಳಿವೆಯ ಬಾಯಲ್ಲಿ ಅಲೆ ಒಡೆಯುತ್ತಿದೆಯೇ ಎಂಬುದನ್ನೆಲ್ಲ ನೋಡುವುದು ನಾವೇ. ಭೂಶಿರಗಳನ್ನು ಅದು ಹತ್ತಿರದಿಂದ ಸವರಿಕೊಂಡು ಹೋಗುತ್ತದೆ. ಅಲ್ಲೆಲ್ಲ ಗೆರೆಯನ್ನು ಹಿಡಿದು ಸಮುದ್ರದ ಕಡೆಗೆ ಎಳೆಯುತ್ತೇನೆ.

ಆಮೇಲೆ ಬರುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಹಂತ. ಮೊದಲ ವೇಪಾಯಿಂಟ್‌ನಿಂದ (ರೂಟಿನಲ್ಲಿ ಗುರುತಿಟ್ಟ ಬಿಂದು) ಕೊನೆಯದರವರೆಗೆ, ಪರದೆಯ ಅಗಲಕ್ಕೆ ಸುಮಾರು ಒಂದು ನಾಟಿಕಲ್ ಮೈಲು ಹಿಡಿಯುವಷ್ಟು ಝೂಮ್ ಮಾಡಿ, ಗೆರೆಯನ್ನು ಇಂಚಿಂಚಾಗಿ ಸರಿಸುತ್ತಾ ನೋಡುತ್ತೇನೆ. ದೂರದಿಂದ ನೋಡಿದಾಗ ವೆಕ್ಟರ್ ನಕ್ಷೆ ಪರದೆ ಗಿಜಿಗುಡದಿರಲಿ ಎಂದು ವಿವರಗಳನ್ನು ಮರೆಮಾಡುತ್ತದೆ, ಮರೆಯಾದವುಗಳಲ್ಲಿ ಬಂಡೆಗಳೂ ಇರುತ್ತವೆ. 2014ರ ನವೆಂಬರ್ 29ರಂದು ಜಗತ್ತು ಸುತ್ತುವ ಹಾಯಿದೋಣಿ ಪಂದ್ಯವಾದ ವೋಲ್ವೊ ಓಷನ್ ರೇಸ್‌ನಲ್ಲಿದ್ದ ಟೀಮ್ ವೆಸ್ಟಾಸ್ ವಿಂಡ್ ದೋಣಿ ಮಾರಿಷಸ್‌ನ ಈಶಾನ್ಯಕ್ಕಿರುವ ಕಾರ್ಗಡೋಸ್ ಕರಾಜೋಸ್ ಹವಳದಿಬ್ಬಕ್ಕೆ ರಾತ್ರಿ ಬಡಿಯಿತು. ದೋಣಿಯಲ್ಲಿದ್ದ 9 ಜನರೂ ಬದುಕಿದರು. ಸಾಕಷ್ಟು ಝೂಮ್ ಮಾಡದೆ ನೋಡಿದರೆ ಎಲೆಕ್ಟ್ರಾನಿಕ್ ನಕ್ಷೆಯಲ್ಲಿ ಆ ದಿಬ್ಬದ ಅಪಾಯ ಕಣ್ಣಿಗೆ ಬೀಳುತ್ತಿರಲಿಲ್ಲ. ಅವರು ಅನುಭವಿ ವೃತ್ತಿಪರರು. ಹಾಗಾಗಿ ಈ ಹಂತವನ್ನು ನಾನು ಎಷ್ಟೇ ಪರಿಚಿತ ನೀರಾದರೂ ಬಿಡುವುದಿಲ್ಲ. ಸಾಧ್ಯವಾದರೆ ಜೊತೆಯವರೊಬ್ಬರ ಕೈಗೆ ಪ್ಲಾಟರ್ ಕೊಟ್ಟು ಅವರಿಂದಲೂ ನೋಡಿಸುತ್ತೇನೆ. ಗೆರೆ ಎಳೆದವನ ಕಣ್ಣು ಗೆರೆಯನ್ನೇ ನೋಡುತ್ತದೆ, ಇನ್ನೊಬ್ಬರ ಕಣ್ಣು ಬಂಡೆಯನ್ನು ನೋಡುತ್ತದೆ.

ವೇಪಾಯಿಂಟನ್ನು ಬೋಯಾದ (ಹಾದಿ ತೋರಲು ನೀರಿನಲ್ಲಿ ತೇಲಿಬಿಟ್ಟ ಗುರುತಿನ) ಮೇಲೆ ಇಡುವುದಿಲ್ಲ. ತಾನಾಗಿ ಚುಕ್ಕಾಣಿ ಹಿಡಿಯುವ ಆಟೋಪೈಲಟ್ ಅಷ್ಟು ನಿಖರವಾಗಿ ನಡೆಸುತ್ತದೆ ಎಂದರೆ ನೇರ ಹೋಗಿ ಅದಕ್ಕೇ ಗುದ್ದಬಹುದು. ಕಾಲುವೆಯಲ್ಲಿ ನಡುಗೆರೆಯ ಬಲಕ್ಕೆ ಸರಿಸಿ ಇಡುತ್ತೇನೆ. ತಲುಪಿದೆ ಎಂದು ಯಂತ್ರ ಭಾವಿಸುವ ವೃತ್ತವನ್ನು ಇಕ್ಕಟ್ಟಿನಲ್ಲಿ 0.05 ಮೈಲಿಗೆ ಇಳಿಸುತ್ತೇನೆ. ಅದು ದೊಡ್ಡದಾಗಿದ್ದರೆ ದೋಣಿ ತಿರುವಿಗೆ ಮುಂಚೆಯೇ ತಿರುಗಿ ಮೂಲೆಯನ್ನು ಕತ್ತರಿಸುತ್ತದೆ, ಮರಳುದಿಬ್ಬ ಇರುವುದು ಬಹಳ ಸಲ ಆ ಒಳಮೂಲೆಯಲ್ಲೇ. ಗೆರೆ ಬಿಟ್ಟು ಪಕ್ಕಕ್ಕೆ ಸರಿದರೆ ಕೂಗುವ ಅಲಾರ್ಮ್‌ಗೆ 0.1 ಮೈಲು, ಅಂದರೆ 185 ಮೀಟರ್. ಝೂಮ್ ಮಾಡಿ ನೋಡುವಾಗ ಪರೀಕ್ಷಿಸುವುದೂ ಇದೇ ಪಟ್ಟಿಯ ಅಗಲವನ್ನು, ಗೆರೆಯನ್ನಷ್ಟೇ ಅಲ್ಲ.

ಬೇರೆಯವರಿಂದ ಬಂದ ಅಕ್ಷಾಂಶ ರೇಖಾಂಶಗಳನ್ನು ಕೈಯಿಂದ ಹಾಕುವಾಗ ಪ್ಲಾಟರ್ ಯಾವ ರೂಪದಲ್ಲಿ ಕೇಳುತ್ತಿದೆ ಎಂದು ನೋಡಬೇಕು. 12 ನಿಮಿಷ 30 ಸೆಕೆಂಡ್ ಎಂದರೆ 12.50 ನಿಮಿಷ. ಅದನ್ನು 12.30 ಎಂದು ಹಾಕಿದರೆ ಅಕ್ಷಾಂಶದಲ್ಲಿ 370 ಮೀಟರ್ ತಪ್ಪುತ್ತದೆ. ಹಾಗಾಗಿ ಪ್ರತಿ ಭಾಗದ ದಿಕ್ಕು ಮತ್ತು ದೂರವನ್ನು ಕಾಗದದ ನಕ್ಷೆಯ ಮೇಲೆ ಸ್ಕೇಲಿಟ್ಟು ಅಳೆದು, ಪ್ಲಾಟರ್‌ನ ಪಟ್ಟಿಯ ಜೊತೆ ಹೋಲಿಸುತ್ತೇನೆ. ದಿಕ್ಕನ್ನು ಭೂಗೋಳದ ನಿಜ ಉತ್ತರದಿಕ್ಕಿನಿಂದ ಅಳೆದದ್ದೋ ದಿಕ್ಸೂಚಿಯ ಕಾಂತೀಯ ಉತ್ತರದಿಕ್ಕಿನಿಂದ ಅಳೆದದ್ದೋ ಎಂಬುದು ಎರಡೂ ಕಡೆ ಒಂದೇ ಇರಬೇಕು. ಆ ಕಾಗದದ ಪಟ್ಟಿ ಚುಕ್ಕಾಣಿಯ ಬಳಿ ಇರುತ್ತದೆ, ವಿದ್ಯುತ್ ಹೋದರೂ ಹಾದಿ ಕೈಯಲ್ಲಿರುತ್ತದೆ. ರೂಟಿನ ಒಂದು ನಕಲು ಮೆಮೊರಿ ಕಾರ್ಡಿನಲ್ಲೂ ಇರುತ್ತದೆ.

ಎಲ್ಲವನ್ನೂ ಉಬ್ಬರ ಸೊನ್ನೆ ಎಂದುಕೊಂಡೇ ಯೋಜಿಸುತ್ತೇನೆ. ನೀರು ಏರದೆ ದಾಟಲಾಗದ ಜಾಗವಿದ್ದರೆ ಆ ವೇಪಾಯಿಂಟ್‌ನ ಹೆಸರಿನಲ್ಲೇ ಯಾವ ಗಂಟೆಯಿಂದ ಯಾವ ಗಂಟೆಯೊಳಗೆ ಎಂದು ಸೇರಿಸುತ್ತೇನೆ. ಸೇತುವೆಯಲ್ಲಿ ಲೆಕ್ಕ ತಿರುಗುಮುರುಗು. ನೀರು ಏರಿದಷ್ಟೂ ಹಾಯಿಕಂಬದ ಮೇಲಿನ ಜಾಗ ಕಡಿಮೆ, ಆಂಟೆನಾದ ಉದ್ದವನ್ನೂ ಸೇರಿಸಿಕೊಳ್ಳಬೇಕು.

ವಾಪಸ್ ಬರಲು ರೂಟನ್ನು ಹಿಂದುಮುಂದು ಮಾಡುವ ಒಂದು ಗುಂಡಿ ಇದೆ. ನಾನು ಅದನ್ನು ಒತ್ತುವುದಿಲ್ಲ. ಹೋಗುವಾಗ ಕಾಲುವೆಯ ಬಲಕ್ಕೆ ಇಟ್ಟ ವೇಪಾಯಿಂಟ್‌ಗಳು ಬರುವಾಗ ಎಡಕ್ಕೆ ಬೀಳುತ್ತವೆ, ಎದುರಿನಿಂದ ಬರುವ ದೋಣಿಗಳ ಹಾದಿಗೇ. ಉಬ್ಬರದ ಹೊತ್ತೂ ಗಾಳಿಯೂ ಬದಲಾಗಿರುತ್ತವೆ. ಹಾಗಾಗಿ ಬಂದರಿನಲ್ಲಿ ಕಟ್ಟಿ ಊಟ ಮುಗಿದ ಮೇಲೆ, ವಾಪಸ್ ಹಾದಿಯನ್ನು ಮೊದಲಿನಿಂದ ಹಾಕುತ್ತೇನೆ.