ಹಳೆಯ ಎಲ್‌ಪಿ ಮಾರುವ ಮುನ್ನ ದರ್ಜೆ ಕಟ್ಟುವುದು ಹೇಗೆ

ರೆಕಾರ್ಡಿಗೂ ಹೊದಿಕೆಗೂ ಬೇರೆ ಬೇರೆ ದರ್ಜೆ ಕೊಡಿ. ಮೊದಲು ಧೂಳು ತೆಗೆಯಿರಿ. ಗೀರುಗಳು ಅದರಡಿ ಅಡಗಿರುತ್ತವೆ. ಅಂಚು ಮತ್ತು ಲೇಬಲ್ ಮಾತ್ರ ಮುಟ್ಟುವಂತೆ ಹಿಡಿದು, ಒಂದೇ ಪ್ರಖರ ಬಲ್ಬಿನ ಕೆಳಗೆ ನಿಧಾನವಾಗಿ ಓರೆ ಮಾಡುತ್ತಾ ನೋಡಿ. ಟ್ಯೂಬ್‌ಲೈಟಿನ ಹರಡಿದ ಬೆಳಕಿನಲ್ಲಿ ಕೂದಲೆಳೆ ಗೀರುಗಳು ಕಣ್ಣು ತಪ್ಪಿಸುತ್ತವೆ.

ಗೀರಿನ ಮೇಲೆ ಉಗುರನ್ನು ಹಗುರವಾಗಿ ಆಡಿಸಿ. ತಗುಲಿದರೆ ಸದ್ದು ಬಹುತೇಕ ಖಚಿತ: ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ಸುತ್ತಿಗೊಂದು, ಅಂದರೆ 1.8 ಸೆಕೆಂಡಿಗೊಮ್ಮೆ ‘ಟಪ್’. ಗೆರೆಗಳ ಗುಂಟವೇ ಸಾಗಿದ ಗೀರು ಇನ್ನೂ ಕೆಟ್ಟದ್ದು. ಮುಳ್ಳು ಸಿಕ್ಕಿಕೊಂಡು ಹಾಡಿದ್ದನ್ನೇ ಹಾಡಬಹುದು.

ಹೊಳಪನ್ನು ಮಾತ್ರ ನಂಬಬೇಡಿ. ಸವೆದ ಮುಳ್ಳಿನಲ್ಲಿ ನುಡಿಸಿದ್ದು ಚೊಕ್ಕವಾಗಿ ಕಂಡರೂ ‘ಸ’ಕಾರಗಳು ಸೀಳಿದಂತೆ ಕೇಳುತ್ತವೆ. ಲೇಬಲ್‌ಗೆ ಹತ್ತಿರದ ಕೊನೆಯ ಹಾಡಿನಲ್ಲಿ ಇದು ಬೇಗ ಬಯಲಾಗುತ್ತದೆ, ಅದನ್ನು ಕೇಳದೆ ದರ್ಜೆ ಬರೆಯಲೇಬಾರದು.

ಅಮೆರಿಕದ ಗೋಲ್ಡ್‌ಮೈನ್ ಪತ್ರಿಕೆಯ ದರ್ಜೆ ಕ್ರಮದಲ್ಲಿ ವಿಜಿ ಪ್ಲಸ್ (ವೆರಿ ಗುಡ್ ಪ್ಲಸ್) ಎಂದರೆ ಕೇಳಲು ಅಡ್ಡಿಯಾಗದ ತೆಳು ಗೀರುಗಳು. ಬೆಲೆ ನಿಯರ್ ಮಿಂಟ್, ಅಂದರೆ ಬಹುತೇಕ ಹೊಸದರಂತಿರುವ ರೆಕಾರ್ಡಿನ ಸುಮಾರು ಅರ್ಧ. ಮೆಲುದನಿಯ ಭಾಗಗಳಲ್ಲಿ ಚಟಪಟ ಕೇಳಿಸಿದರೆ ವಿಜಿ, ಸುಮಾರು ಕಾಲುಭಾಗ. ಅನುಮಾನವಿದ್ದರೆ ಕೆಳಗಿನ ದರ್ಜೆಯನ್ನೇ ಬರೆಯಿರಿ.

ಹೊದಿಕೆಯ ಮೇಲಿನ ಪೆನ್ನಿನ ಹೆಸರು, ಬೂಷ್ಟು, ಸೀಳಿದ ಅಂಚು ಎಲ್ಲವನ್ನೂ ತಿಳಿಸಿ. ನಿಮಿಷಕ್ಕೆ 78 ಸುತ್ತಿನ ಅರಗಿನ ರೆಕಾರ್ಡುಗಳಿಗೆ ಸ್ಪಿರಿಟ್ ಸೋಕಿಸಬೇಡಿ, ಅರಗು ಕರಗುತ್ತದೆ.