ಸೈಕ್ಲೋನ್ ಸುದ್ದಿ ಬಂದಾಗ ಕಣದ ಕಾಫಿ ಉಳಿಸಿಕೊಳ್ಳುವುದು ಹೇಗೆ?

ನವೆಂಬರ್ ಬಂತು ಅಂದರೆ ಮಲೆನಾಡಿನಲ್ಲಿ ಎರಡು ಒಟ್ಟಿಗೆ ಶುರು. ತೋಟದಲ್ಲಿ ಅರೇಬಿಕಾ ಕಾಫಿ ಕೊಯ್ಲು, ಟಿವಿಯಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ. ನಮ್ಮಲ್ಲಿ ಚಂಡಮಾರುತ ಮುಂಗಾರಿಗೆ ಮುಂಚೆ ಒಂದು ಸಲ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಂದು ಸಲ. ಮೂಡಿಗೆರೆ, ಆಲ್ದೂರು, ಸಕಲೇಶಪುರದವರಿಗೆ ಕಾಟ ಕೊಡುವುದು ಈ ಎರಡನೆಯದು.

ಮೊದಲಿಗೆ, ಗಾಳಿಯ ವೇಗ ನೋಡುತ್ತಾ ಕೂರಬೇಡಿ. ಗಂಟೆಗೆ 62 ಕಿ.ಮೀ. ದಾಟಿದರೆ ಅದಕ್ಕೊಂದು ಹೆಸರಿಡುತ್ತಾರೆ, ಚಾನೆಲ್‌ನವರಿಗೆ ಹಬ್ಬ. ದಡ ಹತ್ತಿದ ಮೇಲೆ ಬಿಸಿ ಸಮುದ್ರದ ನೀರು ಸಿಗದೆ ಅದರ ಗಾಳಿ ಇಳಿಯುತ್ತದೆ, ದುರ್ಬಲವಾಯಿತು ಅಂತ ಹೇಳಿ ಅವರು ಬೇರೆ ಸುದ್ದಿಗೆ ಹೋಗುತ್ತಾರೆ. ನಮಗೆ ಮಳೆ ಶುರುವಾಗುವುದೇ ಆಮೇಲೆ.

ನೋಡಬೇಕಾದ್ದು ಎಲ್ಲಿ ದಡ ಹತ್ತುತ್ತದೆ, ಹತ್ತಿ ಎತ್ತ ತಿರುಗುತ್ತದೆ ಅನ್ನುವುದು. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತ ಆಂಧ್ರದ ಬಾಪಟ್ಲ ಹತ್ತಿರ ದಡ ಹತ್ತಿ ಉತ್ತರಕ್ಕೆ ಹೋಯಿತು. 2024ರ ನವೆಂಬರ್ 30ರ ರಾತ್ರಿ ಫೆಂಗಲ್ ಪುದುಚೇರಿ ಹತ್ತಿರ ಬಂತು, ಅಲ್ಲೇ ಗಂಟೆಗಟ್ಟಲೆ ನಿಂತು, ಆಮೇಲೆ ಪಶ್ಚಿಮಕ್ಕೆ ಹೊರಟು ನಮ್ಮ ತಲೆಯ ಮೇಲಿನ ದಾರಿಯಲ್ಲೇ ಅರಬ್ಬಿ ಸಮುದ್ರ ಸೇರಿತು. ಚೆನ್ನೈಯಿಂದ ನಾಗಪಟ್ಟಣದ ನಡುವೆ ಬಂದು ಪಶ್ಚಿಮಕ್ಕೆ ಮುಖ ಮಾಡಿದರೆ ನೀವು ಎಚ್ಚರವಾಗಬೇಕು. ಪುದುಚೇರಿಯಿಂದ ಹಾಸನಕ್ಕೆ ನೇರ ಲೆಕ್ಕದಲ್ಲಿ ಸುಮಾರು 400 ಕಿ.ಮೀ. ಅಂದರೆ ನಿಮಗೆ ಸಿಗುವುದು ಒಂದೆರಡು ದಿನ. ಮೋಡ ಅದಕ್ಕೂ ಮುಂಚೆಯೇ ಬಂದಿರುತ್ತದೆ.

ಇನ್ನೊಂದು ಮಾತು. ಹವಾಮಾನ ಇಲಾಖೆಯ ಭಾರಿ ಮಳೆ ಅನ್ನುವ ಲೆಕ್ಕ ಶುರುವಾಗುವುದು ದಿನಕ್ಕೆ 64.5 ಮಿ.ಮೀ.ನಿಂದ. ನಿಮ್ಮ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿ ಬೀಜ) ಕೆಡಲು ಅಷ್ಟೆಲ್ಲ ಬೇಕಾ? ಬಿಸಿಲಿಲ್ಲದೆ ಮೂರು ದಿನ ಸೋನೆ ಹಿಡಿದರೆ ಸಾಕು. ಹಾಗಾಗಿ ಜಿಲ್ಲೆಗೆ ಯೆಲ್ಲೋ (ಹಳದಿ) ಅಲರ್ಟ್ ಇಲ್ಲ ಅಂತ ಸುಮ್ನೆ ಕೂರಬೇಡಿ. ನಿಮ್ಮ ಹೋಬಳಿಯ ಮುನ್ಸೂಚನೆಯನ್ನು ರಾಜ್ಯದ ವರುಣಮಿತ್ರ ಹವಾಮಾನ ಸಹಾಯವಾಣಿಗೆ ಫೋನ್ ಮಾಡಿ ಕೇಳಿ, ರೈತರಿಗೆ ಹವಾಮಾನ ಹೇಳುವ ಮೇಘದೂತ್ ಆ್ಯಪ್ ಕೂಡ ನೋಡಿ.

ಈಗ ಕೆಲಸ. ಪೂರ್ತಿ ಹಣ್ಣಾದದ್ದನ್ನು ಮಳೆಗೆ ಮೊದಲೇ ಕೊಯ್ಯಿಸಿ, ಇಲ್ಲದಿದ್ದರೆ ಹಣ್ಣು ಒಡೆದು ಉದುರುತ್ತದೆ. ಆದರೆ ಸೂರಿನಡಿ ಎಷ್ಟು ಹರಡಲು ಜಾಗ ಇದೆಯೋ ಅಷ್ಟೇ. ಆಳು ಸಿಕ್ಕರು ಅಂತ ಇಡೀ ತೋಟ ಕೊಯ್ಯಿಸಿ ಪಲ್ಪ್ ಮಾಡಿ (ಸಿಪ್ಪೆ ಬಿಡಿಸಿ) ಗುಡ್ಡೆ ಹಾಕಿದರೆ ಹುಳಿ ವಾಸನೆ ಗ್ಯಾರಂಟಿ. ತೊಳೆದ ಪಾರ್ಚ್‌ಮೆಂಟ್ ಹರಡಲು ಜಾಗವೇ ಇಲ್ಲ ಅಂದರೆ ಒಂದು ದಿನದ ಮಟ್ಟಿಗೆ ತೊಟ್ಟಿಯಲ್ಲಿ ಒಳ್ಳೆಯ ನೀರಿನಲ್ಲಿ ಮುಳುಗಿಸಿ ಇಡಬಹುದು, ನೀರು ಮಾತ್ರ ಬದಲಾಯಿಸುತ್ತಿರಿ.

ಕಣದಲ್ಲಿ ಅರ್ಧ ಒಣಗಿರುವುದರ ಮೇಲೆ ಟಾರ್ಪಾಲನ್ನು ನೇರವಾಗಿ ಹೊದಿಸಬೇಡಿ. ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಬಿದಿರು ಕಟ್ಟಿ ಎತ್ತರಿಸಿ, ಎರಡು ತುದಿ ಗಾಳಿಗೆ ಬಿಡಿ, ಮಳೆ ಬಿಟ್ಟ ಕೂಡಲೇ ತೆಗೆದು ಕೈಯಾಡಿಸಿ. ಕಣದ ಸುತ್ತಲಿನ ಚರಂಡಿ ಬಿಡಿಸುವುದು ಮರೆಯಬೇಡಿ. ತೇವಾಂಶ ಪಾರ್ಚ್‌ಮೆಂಟಿನಲ್ಲಿ 10%ಗೆ, ಅರೇಬಿಕಾ ಚೆರ್ರಿಯಲ್ಲಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) 10.5%ಗೆ ಇಳಿಯುವವರೆಗೆ ಮೂಟೆ ಕಟ್ಟಬೇಡಿ, ವ್ಯಾಪಾರಿ ಗೇಟಿನಲ್ಲೇ ನಿಂತಿದ್ದರೂ ಸರಿ.

ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ರಾಗಿಯವರಿಗೂ ಇದೇ ತಲೆನೋವು. ಕೊಯ್ದು ಹೊಲದಲ್ಲೇ ಬಿಟ್ಟ ತೆನೆ ನೆನೆದರೆ ಮೊಳಕೆ ಬರುತ್ತದೆ, ಮೊದಲು ಅದನ್ನು ಮೆದೆ ಹಾಕಿ ಮುಚ್ಚಿ.

ಮಳೆ ನಿಂತ ಮೇಲೆ ಉದುರಿದ ಹಣ್ಣನ್ನು ಬೇಗ ಆರಿಸಿ, ಬಿಟ್ಟರೆ ಕಾಯಿಕೊರಕ ಕೀಟ ಅದರಲ್ಲೇ ಸಂಸಾರ ಹೂಡುತ್ತದೆ. ಆರಿಸಿದ್ದನ್ನು ಗಿಡದಿಂದ ಕೊಯ್ದದ್ದರ ಜೊತೆ ಬೆರೆಸದೆ ಬೇರೆಯೇ ಒಣಗಿಸಿ ಬೇರೆಯೇ ಮಾರಿ.